ಮಾವನ ದನಿ ಮತ್ತು ಒಂದು ಅಗ್ಗದ ಕಾರ್ಡ್ ರೀಡರ್

ಯಂತ್ರಗಳ ವಿಷಯದಲ್ಲಿ ನನಗೆ ಯಾರ ನೆರವೂ ಬೇಕಿಲ್ಲ ಎಂಬುದು ಹೋದ ಬೇಸಿಗೆಯವರೆಗೆ ನನ್ನ ಗಟ್ಟಿ ನಂಬಿಕೆಯಾಗಿತ್ತು. ನಾನು ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಯಾವ ಊರಿಗೆ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ತೆಲುಗಿನಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ, ಬೀದರ್ ಕಡೆಯವರು ಕಂಡರೆ ಕನ್ನಡದಲ್ಲಿ ಇನ್ನೊಮ್ಮೆ. ಮೈಕು ಕೆಟ್ಟರೆ ನಾನೇ ನಾಲ್ಕು ಸಲ ತಟ್ಟಿ ಸರಿ ಮಾಡುತ್ತೇನೆ. ಗೋಡೆಯ ಗಡಿಯಾರ ನಿಂತರೆ ನಾನೇ ಸ್ಟೂಲು ಹತ್ತುತ್ತೇನೆ. ಇಷ್ಟೆಲ್ಲ ಅನುಭವ ಇರುವವನಿಗೆ ಒಂದು ಕಾರ್ಡ್ ರೀಡರ್ ಏನು ಮಹಾ ಎಂದುಕೊಂಡದ್ದೇ ಮೊದಲ ತಪ್ಪು. ಉಳಿದ ತಪ್ಪುಗಳನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ಅದಕ್ಕೂ ಮೊದಲು ನನ್ನ ಮಾವನ ವಿಷಯ ಹೇಳಬೇಕು. ಮಾವ ಚನ್ನಬಸಪ್ಪನವರು ಪೆದ್ದೆಮುಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬದುಕನ್ನೆಲ್ಲ ತಾಂಡೂರಿನ ಕಲ್ಲಿನ ನಡುವೆ ಕಳೆದವರು. ನೆಲಕ್ಕೆ ಹಾಸುವ ಕಲ್ಲನ್ನು ಕೊಯ್ದು ನುಣುಪು ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದರು. ಅಲ್ಲಿ ಗರಗಸ ಕಿರುಚುತ್ತಿರುವಾಗ ಆಚೆ ನಿಂತವನಿಗೆ ಕೇಳಬೇಕೆಂದರೆ ಎದೆಯಿಂದ ಕೂಗಬೇಕು. ಮಾವ ಕೂಗಿದರೆ ರಸ್ತೆಯಲ್ಲಿ ಹೋಗುವ ಲಾರಿಯವನು ಬ್ರೇಕು ಹಾಕುತ್ತಿದ್ದನಂತೆ. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಜೀವ ಉಳಿಯಿತು, ದನಿ ಹೋಯಿತು.

ಈಗ ತಾಂಡೂರಿನ ಮನೆಯಲ್ಲಿ ಮಗನ ಜೊತೆ ಇರುವ ಅವರ ತೊಡೆಯ ಮೇಲೆ ಪಾಟಿಯಷ್ಟಗಲದ ಒಂದು ತೆಳ್ಳನೆಯ ತಾಂಡೂರು ಕಲ್ಲು ಇರುತ್ತದೆ. ಅವರೇ ಆರಿಸಿ ತಂದದ್ದು. ಸೀಮೆಸುಣ್ಣದಿಂದ ಅದರ ಮೇಲೆ ಬರೆದು ತೋರಿಸುತ್ತಾರೆ, ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಓದಿದ್ದು ತೆಲುಗು ಶಾಲೆಯಲ್ಲಾದ್ದರಿಂದ ಅಕ್ಷರ ತೆಲುಗಿನವು, ಮಾತು ಮಾತ್ರ ನಮ್ಮ ಮನೆಯ ಕನ್ನಡದ್ದು. ಒಂದು ಸಲಕ್ಕೆ ಆರೇಳು ಪದ ಹಿಡಿಯುತ್ತದೆ. ಹಾಗಾಗಿ ನಾವೆಲ್ಲ ಅವರನ್ನು ಕೇಳುವುದೂ ಅಷ್ಟಕ್ಕೇ ನಿಂತಿತ್ತು. ಊಟ ಆತೇನ್ರಿ, ಗುಳಿಗಿ ತೊಗೊಂಡ್ರೇನ್ರಿ. ಅವರು ತಲೆಯಾಡಿಸಿದರೆ ಮುಗಿಯಿತು.

ಒಂದು ಭಾನುವಾರ ನನ್ನ ಹೆಂಡತಿ ಮಹಾನಂದಾ ಹಳೆಯ ಸೂಟ್‌ಕೇಸು ಝಾಡಿಸುತ್ತಿದ್ದಳು. ಅದರಲ್ಲಿ ನನ್ನ ಹಳೆಯ ಬಟನ್ ಫೋನು ಸಿಕ್ಕಿತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತಿತ್ತು. ಒಳಗೆ ಕಿರುಬೆರಳಿನ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು.

“ರೀ, ಈ ಫೋನ್ ಹೊಸಾದು ತಂದಾಗ ಅಪ್ಪನ ಮಾತು ರೆಕಾರ್ಡ್ ಮಾಡಿದ್ರಲ್ರಿ ನೀವು?” ಎಂದಳು.

ನೆನಪಾಯಿತು. ತಾಂಡೂರಿನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲರ ಮಾತನ್ನೂ ರೆಕಾರ್ಡ್ ಮಾಡಿದ್ದೆ. ಅತ್ತೆ ಇನ್ನೂ ಇದ್ದ ಕಾಲ ಅದು.

“ನಾ ಆವತ್ತು ಅಡಗಿ ಮನ್ಯಾಗ ಇದ್ದೆ. ನಾ ಹುಟ್ಟಿದ ದಿನದ್ದು ಅಪ್ಪ ಏನೋ ಹೇಳ್ಲತ್ತಿದ್ದ. ಹೆಂಗೂ ರೆಕಾರ್ಡ್ ಆಗ್ಲತ್ತದ, ಆಮ್ಯಾಲೆ ಕೇಳಿದ್ರಾತು ಅಂತ ಬಿಟ್ಟೆ. ಕೇಳೇ ಇಲ್ಲ ನೋಡ್ರಿ.”

ಕಾರ್ಡನ್ನು ಅಂಗೈಯಲ್ಲಿ ಇಟ್ಟುಕೊಂಡು ಅವಳು ಬೆರಳಿನಿಂದ ಹೊರಳಿಸಿದಳು.

“ಖರೇ ಹೇಳ್ಲೇನ್ರಿ? ಅಪ್ಪನ ದನಿ ನನಗ ಮರ್ತು ಹೊಂಟದ. ಕಣ್ಣು ಮುಚ್ಚಿದ್ರ ಮುಖ ಬರ್ತದ. ದನಿ ಬರಲ್ಲ.”

ನಮ್ಮ ಮಗಳ ಮದುವೆಯ ವಿಡಿಯೋದಲ್ಲಿ ಮಾವನ ಬಾಯಿ ಆಡುವುದು ಕಾಣುತ್ತದೆ, ಆದರೆ ಕೇಳುವುದು ಬ್ಯಾಂಡು ಮಾತ್ರ. ಬೇರೆಲ್ಲೂ ಅವರ ದನಿ ಉಳಿದಿರಲಿಲ್ಲ. ಹೆಂಡತಿ ನನ್ನಿಂದ ಇಂಥದ್ದನ್ನು ಕೇಳುವುದೇ ಅಪರೂಪ. ನಾನು ಎದ್ದು ಅಂಗಿ ಹಾಕಿಕೊಂಡೆ.

“ಅಷ್ಟೇ ಏನು? ನಮ್ಮ ಕಂಪ್ಯೂಟರಿಗಿ ಒಂದು ಕಾರ್ಡ್ ರೀಡರ್ ತಂದ್ರ ಮುಗೀತು. ಅರ್ಧ ತಾಸಿನ ಕೆಲಸ,” ಎಂದೆ.

ನಮ್ಮ ಕಂಪ್ಯೂಟರೆಂದರೆ ಮಗಳು ಕಾಲೇಜಿಗೆ ಹೋಗುವಾಗ ತಂದದ್ದು. ಮಗಳು ಮದುವೆಯಾಗಿ ಬೀದರಿಗೆ ಹೋದ ಮೇಲೆ ಅದರ ಮೇಲೆ ಕ್ರೋಶಾದ ಹೊದಿಕೆ, ಹೊದಿಕೆಯ ಮೇಲೆ ಹೂದಾನಿ. ವರ್ಷಕ್ಕೆ ಎರಡು ಸಲ ಹೂದಾನಿ ಇಳಿಸಿ, ಮದುವೆಯ ಫೋಟೋ ನೋಡಿ, ಮತ್ತೆ ಹೊದಿಸುತ್ತೇವೆ.

ಬಜಾರಿನಲ್ಲಿ ಮೊಬೈಲ್ ಕವರು, ಚಾರ್ಜರು ತೂಗುಹಾಕಿದ ಅಂಗಡಿಗೆ ಹೋದೆ. ಅಂಗಡಿಯವನು ಎರಡು ರೀಡರ್ ಗಾಜಿನ ಮೇಲಿಟ್ಟ. ಒಂದು ಗಟ್ಟಿ ಡಬ್ಬಿಯಲ್ಲಿತ್ತು. ಇನ್ನೊಂದು ಪ್ಲಾಸ್ಟಿಕ್ ಹಾಳೆಯಲ್ಲಿ ಶಾಂಪೂ ಪಾಕೀಟಿನ ಹಾಗೆ ಅಂಟಿಕೊಂಡಿತ್ತು. ಬೆಲೆಯಲ್ಲಿ ಒಂದಕ್ಕೆ ಐದರಷ್ಟು ಅಂತರ.

“ಸಾರ್, ಕಾರ್ಡಿನ್ಯಾಗ ಏನಾರ ಜರೂರಿ ಇದ್ರ ಈ ಡಬ್ಬಿದು ಒಯ್ರಿ. ಇದು ಸಸ್ತಾ ಮಾಲು. ಗ್ಯಾರಂಟಿ ಇಲ್ಲ,” ಎಂದ.

ವ್ಯಾಪಾರಿಗಳು ಹೀಗೆ ಹೇಳುವುದು ಯಾಕೆಂದು ನನಗೆ ಗೊತ್ತಿಲ್ಲವೆ? “ನಾ ಒಂದೇ ಸಲ ಬಳಸೋದು ತಮ್ಮಾ. ಒಂದೇ ಸಲಕ್ಕ ಗ್ಯಾರಂಟಿ ಯಾಕ ಬೇಕು?” ಎಂದು ಅವನ ಬಾಯಿ ಮುಚ್ಚಿಸಿದೆ. ಪಕ್ಕದಲ್ಲಿ ನಿಂತ ಗಿರಾಕಿಗೂ ಬ್ರಾಂಡಿನ ಹೆಸರಿಗೆ ದುಡ್ಡು ಸುರಿಯಬಾರದು ಎಂದು ಸಣ್ಣ ಉಪನ್ಯಾಸ ಕೊಟ್ಟೆ. ಆ ಗಿರಾಕಿ ನನ್ನ ಮಾತು ಕೇಳಿ, ತಲೆದೂಗಿ, ಡಬ್ಬಿಯಲ್ಲಿದ್ದದ್ದನ್ನು ಕೊಂಡುಕೊಂಡು ಹೋದ.

ಮನೆಗೆ ಬಂದು ಹೂದಾನಿ ಇಳಿಸಿದೆ. ರೀಡರ್ ಎಷ್ಟು ಹಗುರವಿತ್ತೆಂದರೆ ಫ್ಯಾನಿನ ಗಾಳಿಗೆ ಮೇಜಿನ ಮೇಲೆ ಸರಿಯುತ್ತಿತ್ತು. ಕಾರ್ಡನ್ನು ಅದರ ಬಾಯಿಗೆ ಒತ್ತಿದೆ. ಸಲೀಸಾಗಿ ಒಳಗೆ ಹೋಯಿತು. ಅತಿ ಸಲೀಸಾಗಿ ಹೋಯಿತು. ಬೆಳಕಿಗೆ ಹಿಡಿದು ನೋಡಿದರೆ ಕಾರ್ಡು ತನ್ನ ಜಾಗ ಬಿಟ್ಟು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವಿನ ಸಂದಿಯಲ್ಲಿ ಇಳಿದು ಕೂತಿತ್ತು. ಮಹಾನಂದಾಳ ಸೆರಗಿನ ಪಿನ್ನು ಇಸಿದುಕೊಂಡು ಮುಕ್ಕಾಲು ತಾಸು ಕೆದಕಿದೆ. ಕಾರ್ಡು ಹೊರಬಂತು, ಜೊತೆಗೆ ರೀಡರಿನ ಒಂದು ಪಕ್ಕೆಯೂ ಬಂತು. ಪಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದೆ.

“ಏನಾದ್ರ ತೊಂದ್ರಿ ಅದ ಏನ್ರಿ?” ಎಂದು ಅಡುಗೆ ಮನೆಯಿಂದ ಕೇಳಿದಳು.

“ಏನಿಲ್ಲ. ಹೊಸ ಮಾಲು ಮೊದಲು ಜರಾ ಬಿಗಿ ಇರ್ತದ.”

ಎರಡನೆಯ ಸಲ ಕಾರ್ಡು ಸರಿಯಾಗಿ ಕೂತಿತು. ರೀಡರನ್ನು ಕಂಪ್ಯೂಟರಿಗೆ ಚುಚ್ಚಿದೆ. ನೀಲಿ ದೀಪ ಮಿಣುಕಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಚೌಕ ಎದ್ದು ನಿಂತಿತು. ಕಾರ್ಡನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಅದು ಕೇಳುತ್ತಿತ್ತು.

ಇಲ್ಲಿ ನನ್ನ ವೃತ್ತಿಜೀವನದ ಒಂದು ಸಂಗತಿ ಹೇಳಲೇಬೇಕು. ನಮ್ಮ ಕಚೇರಿಯಲ್ಲಿ ಫಾರ್ಮ್ಯಾಟ್ ಎಂದರೆ ನಮೂನೆ. ತಡವಾಗಿ ಬಂದ ಬಸ್ಸಿಗೆ ಒಂದು ಫಾರ್ಮ್ಯಾಟ್, ಬರದೇ ಹೋದ ಬಸ್ಸಿಗೆ ಇನ್ನೊಂದು. ಏನು ಬರೆದು ಕಳಿಸಿದರೂ “ಫಾರ್ಮ್ಯಾಟಿನಲ್ಲಿ ಇಲ್ಲ” ಎಂದು ಮೇಲಿನಿಂದ ವಾಪಸು ಬರುತ್ತದೆ. ಇಪ್ಪತ್ತಾರು ವರ್ಷದಿಂದ ನಾನು ಎಲ್ಲವನ್ನೂ ಫಾರ್ಮ್ಯಾಟಿನಲ್ಲಿ ಕೂರಿಸುತ್ತಲೇ ಬಂದವನು. ಹಳೆಯ ಫೋನಿನ ರೆಕಾರ್ಡಿಂಗು ಕಂಪ್ಯೂಟರಿನ ನಮೂನೆಗೆ ಹೊಂದುತ್ತಿಲ್ಲ, ಪಾಪ, ಹೊಂದಿಸಿಕೊಡಲೇ ಎಂದು ಕೇಳುತ್ತಿದೆ ಎಂದುಕೊಂಡೆ. ಯಂತ್ರದ ಈ ವಿನಯ ನನಗೆ ಹಿಡಿಸಿತು. ಮಾಡು ಎಂದು ಒತ್ತಿದೆ.

ಇನ್ನೊಂದು ಚೌಕ ಬಂತು. ಶುರು ಮಾಡಲೇ ಎಂದಿತು. ಒತ್ತಿದೆ. ಮೂರನೆಯದು ಹಳದಿ ತ್ರಿಕೋನದ ಜೊತೆ ಬಂತು. ಅದರಲ್ಲಿ ಒಂದು ಪದ ಪೂರಾ ದೊಡ್ಡಕ್ಷರದಲ್ಲಿತ್ತು. ದೊಡ್ಡಕ್ಷರದಲ್ಲಿ ಬರೆದದ್ದನ್ನು ಓದದೆ ಸಹಿ ಮಾಡುವುದು ನನ್ನ ಇನ್ನೊಂದು ಕಚೇರಿ ಅಭ್ಯಾಸ. ಓಕೆ ಒತ್ತಿದೆ.

ಮಹಾನಂದಾ ಚಹಾ ತಂದು ನನ್ನ ಹಿಂದೆ ನಿಂತಳು. ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡಿ ಮುಟ್ಟಿತು. ಕೆಲಸ ಮುಗಿಯಿತೆಂದು ಕಂಪ್ಯೂಟರು ಹೇಳಿತು. ನಾನು ಕಾರ್ಡು ತೆರೆದೆ. ಒಳಗೆ ಬೆಳ್ಳಗಿತ್ತು. ಸುಣ್ಣ ಬಳಿದ ಗೋಡೆಯ ಹಾಗೆ.

“ಎಲ್ಲಿ ಅದರೀ?” ಎಂದಳು.

“ಬರ್ತದ ತಡಿ. ಮಶೀನು ಹುಡುಕಲತ್ತದ,” ಎಂದೆ.

ಅವಳು ಒಳಗೆ ಹೋದ ಮೇಲೆ ಕಾರ್ಡಿಗೇನಾದರೂ ಆಗಿದೆಯೋ ಎಂದು ಪರೀಕ್ಷಿಸಲು ಮಗಳ ಮದುವೆಯ ಫೋಟೋಗಳನ್ನೆಲ್ಲ ಅದರೊಳಗೆ ತುಂಬಿದೆ. ಎಲ್ಲ ಚೆನ್ನಾಗಿ ಕೂತವು. ಕಾರ್ಡಿಗೆ ಏನೂ ಆಗಿರಲಿಲ್ಲ. ಇದರಿಂದ ನನಗೆ ಸ್ವಲ್ಪ ಸಮಾಧಾನವೂ ಆಯಿತು. ಈ ಪರೀಕ್ಷೆ ಎಂಥದ್ದೆಂದು ತಿಳಿದದ್ದು ಆಮೇಲೆ.

ಹೆಂಡತಿಗೆ ಹೇಳಿದ್ದು ಇಷ್ಟು: ರೀಡರ್ ಖರಾಬು, ಕಾರ್ಡು ಓದಲು ದೊಡ್ಡ ಮಶೀನು ಬೇಕು, ಜಹೀರಾಬಾದಿನಲ್ಲಿದೆ. ಇದರಲ್ಲಿ ಮೊದಲ ಎರಡು ಪದ ಮಾತ್ರ ನಿಜ.

“ಹಂಗಾದ್ರ ಛಲೋ ಆತು,” ಎಂದಳು. “ನಾಳಿಗಿ ನಾ ಅಪ್ಪಗ ದವಾಖಾನಿಗಿ ತೋರಿಸಾಕ ತಾಂಡೂರಿಗಿ ಹೋಗೋದೇ ಅದ. ನೀವು ಜಹೀರಾಬಾದಿನ ಕೆಲಸ ಮುಗಿಸಿಕೊಂಡು ಸೀದಾ ಅಲ್ಲೇ ಬರ್ರಿ. ಅಪ್ಪಗ ಅವನ ದನಿ ಕೇಳಿಸೋಣು. ನಾ ಈಗೇ ತಮ್ಮಗ ಫೋನ್ ಮಾಡಿ ಹೇಳ್ತೀನಿ.”

ತಡೆಯುವುದರೊಳಗೆ ಫೋನು ಅವಳ ಕಿವಿಯಲ್ಲಿತ್ತು.

ಮರುದಿನ ರಜೆ ಹಾಕಿ ಜಹೀರಾಬಾದಿಗೆ ಹೋದೆ. ಕಳೆದುಹೋದದ್ದನ್ನು ಹುಡುಕಿಕೊಡುವ ದುಕಾನು ಅಲ್ಲಿ ಒಂದಿದೆ ಎಂದು ನಮ್ಮ ಡ್ರೈವರೊಬ್ಬ ಹೇಳಿದ್ದ. ಹೆದ್ದಾರಿಯಿಂದ ಒಳಗೆ, ದರ್ಜಿಯ ಅಂಗಡಿ ದಾಟಿ, ಒಂದು ಸಣ್ಣ ಕೋಣೆ. ಒಳಗೆ ರಿಜ್ವಾನಾ ಎಂಬ ಮೂವತ್ತೈದರ ಹೆಣ್ಣುಮಗಳು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಒಂದು ಫೋನಿನ ಹೊಟ್ಟೆ ಬಗೆದು ಕೂತಿದ್ದಳು. ನಾನು ಕಾರ್ಡು ಮುಂದಿಟ್ಟು ನನ್ನ ಪರಿಚಯ, ಹುದ್ದೆ, ಮಾವನ ದನಿಯ ಕಥೆ, ಬಂದ ಬಸ್ಸು, ಅದು ತಡವಾದದ್ದಕ್ಕೆ ಕಾರಣ ಎಲ್ಲ ಹೇಳಿದೆ. ಅವಳು ಭೂತಗನ್ನಡಿ ತೆಗೆಯದೆಯೇ ಕೇಳಿದಳು.

“ಫಾರ್ಮ್ಯಾಟ್ ಮಾಡೀರೇನ್ರಿ?”

“ಅದು ಹೆಂಗಾತಂದ್ರ, ನಮ್ಮ ಆಫೀಸಿನ್ಯಾಗ...”

“ಮಾಡೀರಿ. ಪರವಾ ಇಲ್ಲ. ಫಾರ್ಮ್ಯಾಟ್ ಮಾಡಿದ್ರ ಮಾಲು ಅಲ್ಲೇ ಇರ್ತದ, ಬಾಗಿಲ ಮ್ಯಾಲಿನ ಹೆಸರು ಅಷ್ಟೇ ಅಳಸ್ತದ. ತೆಗೀಬಹುದು. ಅದರ ಮ್ಯಾಲೆ ಮತ್ತೇನಾರ ಹಾಕೀರೇನ್ರಿ?”

ನಾನು ದರ್ಜಿಯ ಅಂಗಡಿಯ ಕಡೆ ನೋಡಿದೆ.

“ಮಗಳ ಮದುವಿ ಫೋಟೋ.”

“ಎಷ್ಟು?”

“ಎಲ್ಲಾನೂ.”

ಈಗ ಭೂತಗನ್ನಡಿ ತೆಗೆದಳು. ಸ್ವಲ್ಪ ಹೊತ್ತು ನನ್ನನ್ನು ಬರಿಗಣ್ಣಿನಿಂದ ನೋಡಿದಳು. “ಸಾಬ್, ಅಜ್ಜನ ದನಿ ಇದ್ದ ಜಾಗದಾಗ ನೀವು ಮದುವಿ ಮಂದೀನ ತಂದು ಕೂಡಿಸೀರಿ. ಒಂದೋ ಎರಡೋ ಉಳದಿರಬಹುದು. ನೋಡ್ತೀನಿ. ಕುಂದ್ರಿ.”

ಕೂತೆ. ಅವಳ ಯಂತ್ರ ಕಾರ್ಡನ್ನು ಮೂಲೆಯಿಂದ ಮೂಲೆಗೆ ಕೆದಕತೊಡಗಿತು. ಹೊತ್ತು ಕಳೆಯಲು ನನ್ನ ಈಗಿನ ಫೋನು ತೆಗೆದೆ. ಅವಳು ಅದನ್ನು ನೋಡಿ, “ಕೊಡ್ರಿ ಇಲ್ಲಿ,” ಎಂದು ಇಸಿದುಕೊಂಡಳು. ಒಂದು ಸೂಜಿಯಿಂದ ಪಕ್ಕದ ತೂತಿಗೆ ಒತ್ತಿದಳು. ಸಿಮ್ ಕೂರುವ ಸಣ್ಣ ತಟ್ಟೆ ಹೊರಬಂತು. ಅದರಲ್ಲಿ ಸಿಮ್ಮಿನ ಪಕ್ಕಕ್ಕೆ ಉಗುರಿನಷ್ಟಗಲದ ಇನ್ನೊಂದು ಗುಳಿ ಖಾಲಿ ಇತ್ತು.

“ಇದು ಕಾರ್ಡಿನ ಜಾಗಾ. ಹಳೀ ಕಾರ್ಡು ಇದ್ರಾಗ ಹಾಕಿದ್ರ ಹಂಗೇ ಕೇಳ್ತಿತ್ತು. ರೀಡರ್ ಯಾಕ ಬೇಕಾಗಿತ್ರಿ?”

ಈ ಫೋನು ನನ್ನ ಹತ್ತಿರ ಮೂರು ವರ್ಷದಿಂದ ಇದೆ. ಬಜಾರಿಗೆ ಹೋಗಿ ಉಪನ್ಯಾಸ ಕೊಡುವಾಗಲೂ ಅಂಗಿಯ ಜೇಬಿನಲ್ಲಿಯೇ ಇತ್ತು. ತಟ್ಟೆಯನ್ನು ನಾನೇ ಮೆಲ್ಲಗೆ ಒಳಗೆ ತಳ್ಳಿದೆ.

“ಮನ್ಯಾಗ ಏನ್ ಹೇಳಿ ಬಂದೀರಿ?” ಎಂದು ಅವಳೇ ಕೇಳಿದಳು.

“ರೀಡರ್ ಖರಾಬ್ ಅದ ಅಂತ.”

“ಇಲ್ಲಿಗಿ ಬರೋರೆಲ್ಲ ಮನ್ಯಾಗ ಒಂದು ಸುಳ್ಳು ಹೇಳೇ ಬರ್ತಾರ್ರಿ. ಕಾರ್ಡಿಂದು ನಾ ರಿಪೇರಿ ಮಾಡ್ತೀನಿ. ಸುಳ್ಳಿಂದು ನನ್ನ ಕೈಲಿ ಆಗಲ್ಲ.” ಇಷ್ಟು ಹೇಳಿ ಮತ್ತೆ ಭೂತಗನ್ನಡಿ ಕಟ್ಟಿಕೊಂಡಳು.

ಮೂರು ತಾಸು ಕಳೆಯಿತು. ಅತ್ತೆಯ ದನಿ ಸಿಗಲಿಲ್ಲ. ಮಾವ ಹೇಳಿದ್ದ ಬೇರೆ ಮಾತುಗಳೂ ಸಿಗಲಿಲ್ಲ. ಒಂದೇ ಒಂದು ರೆಕಾರ್ಡಿಂಗು ಪೂರಾ ಉಳಿದಿತ್ತು, ನಾಲ್ಕು ನಿಮಿಷದ್ದು. ರಿಜ್ವಾನಾ ಅದನ್ನು ಸ್ಪೀಕರಿಗೆ ಹಚ್ಚಿದಳು. ಗರಗರ ಸದ್ದು. ದೂರದಲ್ಲಿ ಪಾತ್ರೆಯ ಸಪ್ಪಳ. ಆಮೇಲೆ ಮಾವ.

“ಮಹಾನಂದಾ ಹುಟ್ಟಿದ ದಿನ ನಾ ಊರಾಗ ಇರಲಿಲ್ರಿ. ಜಹೀರಾಬಾದಿನ್ಯಾಗ ಒಂದು ಮನಿಗಿ ಕಲ್ಲು ಹಾಸಾಕ ಹೋಗಿದ್ದೆ...”

ಸಣ್ಣ ದನಿ, ಆದರೆ ಅವರದೇ. ಕಣ್ಣು ತುಂಬುವುದರಲ್ಲಿತ್ತು. ಅಷ್ಟರಲ್ಲಿ ಸ್ಪೀಕರು ಒಡೆಯುವಂಥ ಇನ್ನೊಂದು ದನಿ ಎದ್ದಿತು.

“ಜಹೀರಾಬಾದೇನ್ರಿ ಮಾವ? ಆ ಕಾಲಕ್ಕ ಅಲ್ಲಿಂದ ತಾಂಡೂರಿಗಿ ಬಸ್ ಎಲ್ಲಿದ್ದವು? ಮುಂಜಾನಿ ಒಂದು, ಸಂಜಿಗಿ ಒಂದು. ಅದೂ ಸುತ್ತು ಹಾಕಿ ಬರ್ತಿತ್ತು...”

“ಹೌದ್ರಿ, ಅದೇ ಹೇಳ್ಲತ್ತೀನಿ. ಸುದ್ದಿ ಬಂತು, ನಾ...”

“ಸುತ್ತು ಯಾಕಂದ್ರ, ರಸ್ತಾ ಸರಿ ಇರಲಿಲ್ರಿ. ನಮ್ಮ ಡಿಪೋದಾಗ ಹಳೇ ಡ್ರೈವರ್ ಒಬ್ಬರು ಇದ್ದರು, ಅವರು ಹೇಳ್ತಿದ್ದರು...”

ಆ ದನಿ ಹಳೇ ಡ್ರೈವರನ ಮಾತನ್ನು ಹೇಳಿತು. ಅಲ್ಲಿಂದ ಬಸ್ಸಿನ ಟೈರಿಗೆ ಹೋಯಿತು. ಟೈರಿನಿಂದ ತನ್ನ ಬಡ್ತಿಗೆ ಬಂತು. ಮಾವ ನಡುವೆ ಎರಡು ಸಲ “ನಾ ಆಮ್ಯಾಲೆ...” ಎಂದರು. ಎರಡು ಸಲವೂ ಆ ದನಿ ಅವರ ಮೇಲೆ ಹಾದುಹೋಯಿತು. ನಾಲ್ಕನೆಯ ನಿಮಿಷದ ಕೊನೆಗೆ ಅದು ಉಸಿರು ತೆಗೆದುಕೊಳ್ಳಲು ನಿಂತಾಗ ಮಾವ ಮೆಲ್ಲಗೆ ಅಂದರು: “ಇರ್ಲಿ ಬಿಡ್ರಿ. ಚಾ ಆರ್ಲತ್ತದ, ಕುಡೀರಿ.”

ಅಲ್ಲಿಗೆ ರೆಕಾರ್ಡಿಂಗು ಮುಗಿಯಿತು.

“ಈ ಸಾಹೇಬರು ಯಾರ್ರೀ?” ಎಂದಳು ರಿಜ್ವಾನಾ. “ಅಜ್ಜಗ ಮಾತಾಡಾಕೇ ಕೊಡವಲ್ರು.”

“ಅವರು ನಮ್ಮ ಸಂಬಂಧಿಕರು.”

“ದನಿ ನಿಮ್ಮಂಗೇ ಅದ.”

“ಹತ್ತಿರದ ಸಂಬಂಧಿಕರು.”

ಅವಳು ನಗಲಿಲ್ಲ. ಅದನ್ನು ನನ್ನ ಫೋನಿಗೆ ಹಾಕಿಕೊಟ್ಟು, “ನಡುವಿನದು ತೆಗೆದು ಬರೇ ಅಜ್ಜನ ಮಾತು ಇಡಬೇಕೇನ್ರಿ?” ಎಂದಳು. ಆಸೆಯಾಯಿತು. ಹಾಗೆ ಮಾಡಿದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನನ್ನನ್ನು ತೆಗೆದರೆ ಉಳಿಯುವುದು ಅರ್ಧ ನಿಮಿಷವೂ ಇರಲಿಲ್ಲ. ಬೇಡ, ಇದ್ದಂಗೇ ಇರಲಿ ಎಂದೆ.

ತಾಂಡೂರಿನ ಬಸ್ಸು ನಿಲ್ದಾಣದಲ್ಲಿ ನಿಂತೇ ಇತ್ತು. ಹತ್ತಬೇಕು, ಅಷ್ಟರಲ್ಲಿ ಒಬ್ಬ ಮುದುಕಿ ಬಂದು, “ಬೊಮ್ರಾಸಪೇಟಿಗಿ ಹೆಂಗ್ ಹೋಗಬೇಕೋ ಯಪ್ಪಾ?” ಎಂದಳು. ತಾಂಡೂರಿಗೆ ಹೋಗಿ ಅಲ್ಲಿ ಬಸ್ಸು ಬದಲಿಸಬೇಕೆಂದು ಬಿಡಿಸಿ ಹೇಳಿದೆ. ಪಕ್ಕದಲ್ಲಿದ್ದ ಇನ್ನೊಬ್ಬ ಬೇರೆ ದಾರಿಯೂ ಇದೆ ಎಂದ. ಇದೆ, ಆದರೆ ಯಾಕೆ ಒಳ್ಳೆಯದಲ್ಲ ಎಂಬುದನ್ನು ಅವನಿಗೆ ಮನವರಿಕೆ ಮಾಡಿಕೊಡುತ್ತಿರುವಾಗ ತಾಂಡೂರಿನ ಬಸ್ಸು ಹೊರಟಿತು. ಮುದುಕಿ ಕಿಟಕಿಯಿಂದ ನನಗೆ ಕೈಮುಗಿದು ಹೋದಳು. ಮುಂದಿನ ಬಸ್ಸಿಗೆ ಎರಡು ತಾಸು ಕಾದೆ. ಕಂಟ್ರೋಲರನೊಬ್ಬ ಬಸ್ಸು ತಪ್ಪಿಸಿಕೊಂಡರೆ ಯಾವ ಫಾರ್ಮ್ಯಾಟಿನಲ್ಲಿ ಬರೆಯಬೇಕೆಂದು ಇನ್ನೂ ಯಾರೂ ತೀರ್ಮಾನಿಸಿಲ್ಲ.

ಆ ಎರಡು ತಾಸು ಕಲ್ಲಿನ ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಅದೇ ಯೋಚಿಸಿದೆ. ಕಾರ್ಡು ಅಳಿಸಿದ್ದು ನಿನ್ನೆ. ಆ ತಪ್ಪಿಗೆ ಅಗ್ಗದ ರೀಡರ್ ಇದೆ, ಇಂಗ್ಲಿಷ್ ಇದೆ, ನಮ್ಮ ಕಚೇರಿಯಿದೆ. ಯಾರ ಮೇಲಾದರೂ ಹಾಕಬಹುದು. ಆದರೆ ಏಳೆಂಟು ವರ್ಷದ ಹಿಂದೆ, ದನಿ ಇದ್ದ ಮನುಷ್ಯ ಎದುರಿಗೇ ಕೂತು ಹೇಳುತ್ತಿದ್ದಾಗ ಅಳಿಸಿದ್ದನ್ನು ಯಾರ ಮೇಲೆ ಹಾಕುವುದು?

ತಾಂಡೂರಿನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಾವ ಒಗೆದ ಬಿಳಿ ಅಂಗಿ ಹಾಕಿ, ತಲೆ ಬಾಚಿ, ಕುರ್ಚಿಯ ಮೇಲೆ ಕೂತಿದ್ದರು. ಫೋಟೋ ತೆಗೆಸಿಕೊಳ್ಳಲು ಕೂತ ಹಾಗೆ. ತೊಡೆಯ ಮೇಲೆ ಕಲ್ಲು. ಪಕ್ಕದಲ್ಲಿ ಮಹಾನಂದಾ.

“ಬಂದ್ರೇನ್ರಿ? ಅಪ್ಪ ಮಧ್ಯಾನದಿಂದ ಹಿಂಗೇ ಕುಂತಾನ,” ಎಂದಳು.

ಚಪ್ಪಲಿ ಬಿಟ್ಟು, ಕೂಡದೆ, ನಿಂತುಕೊಂಡೇ ಎಲ್ಲ ಹೇಳಿದೆ. ರೀಡರ್, ಪಿನ್ನು, ಫಾರ್ಮ್ಯಾಟು, ಮದುವೆಯ ಫೋಟೋ, ನನ್ನ ಫೋನಿನಲ್ಲೇ ಇದ್ದ ಖಾಲಿ ಗುಳಿ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಬಯ್ಯುತ್ತಾಳೆಂದು ಕಾದೆ.

“ಎಷ್ಟು ಸಲ ಒತ್ತಿದ್ರಿ?” ಎಂದಳು.

“ಮೂರು.”

“ಮೂರೂ ಸಲ ಕೇಳ್ತೇನು ಅದು?”

“ಕೇಳ್ತು.”

ಅವಳು ಮುಖ ಆಚೆ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

“ಒಂದು ಉಳದದ. ಅದ್ರಾಗೂ ನಾನೇ ಬಾಳ ಮಾತಾಡೀನಿ,” ಎಂದು ಫೋನು ಹಚ್ಚಿ ಮೇಜಿನ ಮೇಲಿಟ್ಟೆ.

ಮಾವನ ದನಿ ಕೋಣೆಯೊಳಗೆ ಬಂದಾಗ ಮಹಾನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಫೋನಿನ ಕಡೆ ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ದನಿ ಬಂತು. ಬಸ್ಸು, ರಸ್ತೆ, ಡ್ರೈವರು, ಟೈರು, ಬಡ್ತಿ. ನಾಲ್ಕು ನಿಮಿಷ ಎಷ್ಟು ಉದ್ದವೆಂದು ಅದನ್ನು ನಿಂತು ಕೇಳಿದವನಿಗೇ ಗೊತ್ತು. ಮುಗಿಯಿತು.

“ಮೊದಲಿಂದು ಇನ್ನೊಮ್ಮಿ ಹಚ್ಚರಿ,” ಎಂದಳು ಮಹಾನಂದಾ. ಹಚ್ಚಿದೆ. ನನ್ನ ದನಿ ಬರುವ ಮುಂಚೆ ನಿಲ್ಲಿಸಿದೆ. “ಇನ್ನೊಮ್ಮಿ,” ಎಂದಳು. ಹೀಗೆ ಎಷ್ಟು ಸಲ ಹಚ್ಚಿದೆನೋ ಲೆಕ್ಕವಿಲ್ಲ. ಅವಳು ಕಣ್ಣು ಮುಚ್ಚಿ, ತುಟಿಯಲ್ಲಿಯೇ ಆ ಮಾತನ್ನು ಅಪ್ಪನ ಜೊತೆ ಜೊತೆಗೆ ಹೇಳುತ್ತಿದ್ದಳು.

ತಿರುಗಿ ನೋಡಿದರೆ ಮಾವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಗಾಬರಿಯಾದೆ. ಅಳುತ್ತಿರಲಿಲ್ಲ. ಸದ್ದಿಲ್ಲದೆ ನಗುತ್ತಿದ್ದರು. ಸೀಮೆಸುಣ್ಣ ತೆಗೆದು ಬರೆದರು: “ಆವತ್ತು ಚಾ ಖರೇನೇ ಆರಿತ್ತು.”

ಮಹಾನಂದಾಗೂ ನಗು ಬಂತು. ಕಣ್ಣೊರೆಸಿಕೊಂಡು ಅಪ್ಪನ ಕಾಲ ಬಳಿ ಕೂತಳು. “ಅಪ್ಪ, ಸುದ್ದಿ ಬಂತು ಅಂದ್ಯಲ್ಲ. ಆಮ್ಯಾಲೆ ಏನಾತು? ಬರೀತೀಯೇನು?”

ಎರಡು ವರ್ಷದಲ್ಲಿ ಅವರನ್ನು ಯಾರಾದರೂ ಇಷ್ಟು ಉದ್ದದ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮಾವ ಕಲ್ಲನ್ನು ಒರೆಸಿದರು. ಬರೆದರು. ಮಹಾನಂದಾ ಗಟ್ಟಿಯಾಗಿ ಓದಿದಳು. ಒರೆಸಿದರು, ಮತ್ತೆ ಬರೆದರು.

“ಹೆಣ್ಣು ಹುಟ್ಟ್ಯಾದ ಅಂತ ಸುದ್ದಿ ಬಂತು. ಬಸ್ ಹೋಗಿಬಿಟ್ಟಿತ್ತು. ಕಬ್ಬಿನ ಲಾರಿ ಒಂದು ಸಿಕ್ತು...”

“ಕಬ್ಬಿನ ಲಾರಿ ಆ ದಾರೀಲೆ ಹೆಂಗ್ ಬರ್ತದ?” ಎಂದೆ ನಾನು.

ತಂದೆ ಮಗಳು ಇಬ್ಬರೂ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಹೋಗಿ ಹೊಸ್ತಿಲ ಮೇಲೆ ಕೂತೆ.

ಕಲ್ಲು ಎಷ್ಟೋ ಸಲ ತುಂಬಿತು, ಎಷ್ಟೋ ಸಲ ಮಾವ ಒರೆಸಿದರು. ಲಾರಿ ನಡುದಾರಿಯಲ್ಲಿ ಇಳಿಸಿತು. ಅಲ್ಲಿಂದ ಎರಡು ಜಲ್ಲೆ ಕಬ್ಬು ಹೆಗಲ ಮೇಲಿಟ್ಟುಕೊಂಡು ನಡೆದರು. ಮನೆ ಮುಟ್ಟಿದಾಗ ಮುಂಜಾನೆ ಬಿಸಿಲು ಏರಿತ್ತು. ಕಾರ್ಖಾನೆಯ ರ‍ೂಢಿಯಲ್ಲಿ ಬಾಗಿಲಲ್ಲೇ ನಿಂತು ಹೆಂಡತಿಯ ಹೆಸರು ಹಿಡಿದು ಕೂಗಿದರು. ಒಳಗೆ ನಿದ್ದೆ ಹೋಗಿದ್ದ ಕೂಸು ಬೆದರಿ, ಮೈಯೆಲ್ಲ ನಡುಗಿಸಿ ಅತ್ತಿತು. ಸೂಲಗಿತ್ತಿ ಹೊರಗೆ ಬಂದು ಬೈದಳು.

ಕೊನೆಗೆ ಬರೆದದ್ದನ್ನು ಮಹಾನಂದಾ ನಿಧಾನವಾಗಿ ಓದಿದಳು. ಅವಳಿಗೆ ತಿಳಿಯದೆಯೇ ಅವಳ ಮಾತಿನ ಧಾಟಿ ಅಪ್ಪನದಾಗಿತ್ತು. “ನೀ ನಡುಗಿದ್ದು ನೋಡಿದೆ. ಅವತ್ತಿಂದ ಮನ್ಯಾಗ ದನಿ ಎತ್ತಲಿಲ್ಲ.”

ಅವಳು ಅಪ್ಪನ ಮೊಳಕಾಲ ಮೇಲೆ ಕೈಯಿಟ್ಟಳು. “ನಾ ಏನ್ ತಿಳಕೊಂಡಿದ್ದೆ ಗೊತ್ತೇನು ಅಪ್ಪ? ಕೆಲಸಕ್ಕ ಹೋಗಿ ದಣದು ಬರ್ತೀ, ಅದಕ್ಕ ಮನ್ಯಾಗ ಮೆಲ್ಲಕ ಮಾತಾಡ್ತೀ ಅಂತ.”

ಮಾವ ತಲೆಯಾಡಿಸಿದರು. ಅಲ್ಲ ಎಂದೋ, ಅದೂ ಹೌದು ಎಂದೋ, ತಿಳಿಯಲಿಲ್ಲ.

ಆಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದರು. ಹೋದೆ. ಕಲ್ಲನ್ನು ಸ್ವಚ್ಛವಾಗಿ ಒರೆಸಿ, ನನ್ನ ಕೈಗೆ ಕೊಟ್ಟು, ಸೀಮೆಸುಣ್ಣವನ್ನೂ ಕೊಟ್ಟರು. ನೀವೂ ಹೇಳಿರಿ, ಆದರೆ ಇದರಲ್ಲಿ ಎಂಬಂತೆ ಕಲ್ಲಿನ ಮೇಲೆ ಬೆರಳು ತಟ್ಟಿದರು.

ಹೇಳುವುದು ಬಹಳ ಇತ್ತು. “ಪೂಜ್ಯ ಮಾವನವರಿಗೆ ತಮ್ಮ ಅಳಿಯನು ಸವಿನಯದಿಂದ” ಎಂದು ಅವರ ತೆಲುಗು ಅಕ್ಷರದಲ್ಲಿಯೇ ಶುರುಮಾಡಿದೆ. ಕಲ್ಲು ತುಂಬಿತು. ಮಾವ ಓದಿ, ಒರೆಸಿ, ವಾಪಸು ಕೊಟ್ಟರು. “ಸದರಿ ಘಟನೆಯು ಸಂಭವಿಸಲು ಮೂಲ ಕಾರಣಗಳೇನೆಂದರೆ” ಎಂದು ಬರೆದೆ. ಮತ್ತೆ ತುಂಬಿತು. ಮತ್ತೆ ಒರೆಸಿ ಕೊಟ್ಟರು. ಮೂರನೆಯ ಸಲ ಒಂದೇ ಪದ ಬರೆದೆ: ತಪ್ಪಾತು.

ಮಾವ ಅದನ್ನು ಓದಿದರು. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಅವಸರದಲ್ಲಿ ನಾನು ಬಿಟ್ಟಿದ್ದ ‘ಪ’ದ ಒತ್ತನ್ನು ಸೇರಿಸಿ, ಕಲ್ಲನ್ನು ನನ್ನ ಕಡೆಗೆ ತಿರುಗಿಸಿದರು.